ಬ್ರೇಕ್ ಮರೆತರೆ ಏನಾಗುತ್ತದೆ? ಮಕ್ಕಳನ್ನು ಕೇಳಿ

ಕಾಸರಗೋಡಿರಲಿ, ಅಕ್ಕಲಕೋಟೆಯಿರಲಿ, ಹತ್ತನೆಯವರೆಗೆ ಕನ್ನಡದಲ್ಲಿ ಓದಿದ ನಿಮ್ಮ ಮಗಳು ಡಿಪ್ಲೊಮಾಕ್ಕೆ ಸೇರಿ, ‘ಸಿ’ ಪಾಠ ಇಂಗ್ಲಿಷಿನಲ್ಲಿದೆ, ತಲೆಗೆ ಹತ್ತುತ್ತಿಲ್ಲ ಎಂದರೆ ಗಾಬರಿಯಾಗಬೇಡಿ. 1989ರ ‘ಸಿ’ ಮಾನಕದಲ್ಲಿ ಇರುವ ಕೀವರ್ಡ್‌ಗಳು 32 ಮಾತ್ರ. ಕಷ್ಟವಿರುವುದು ತರ್ಕದಲ್ಲಿ, ಅದನ್ನು ಮನೆಮಾತಿನಲ್ಲೇ ಬಿಡಿಸಬಹುದು.

ಕ್ಯಾಲ್ಕುಲೇಟರ್ ಪ್ರೋಗ್ರಾಮ್ ತೆಗೆದುಕೊಳ್ಳಿ. 0 ಒತ್ತಿದರೆ ಕೂಡಬೇಕು, 1 ಒತ್ತಿದರೆ ಕಳೆಯಬೇಕು, 2 ಒತ್ತಿದರೆ ಗುಣಿಸಬೇಕು. ‘ಸ್ವಿಚ್’ ಬಳಸಿದರೆ ಪ್ರತಿ ಅಂಕಿಗೂ ಒಂದು ‘ಕೇಸ್’, ಅದರ ಕೊನೆಗೆ ‘ಬ್ರೇಕ್’. ಬ್ರೇಕ್ ಮರೆತರೆ ಕೂಡಿದ ಮೇಲೆ ನಿಲ್ಲದೆ ಕಳೆಯುವ ಸಾಲಿಗೂ ನುಗ್ಗುತ್ತದೆ. ಕಂಪೈಲರ್ ಅದನ್ನು ತಪ್ಪೆಂದು ತಡೆಯುವುದಿಲ್ಲ. ಉತ್ತರ ಮಾತ್ರ ತಪ್ಪಿ ಬರುತ್ತದೆ. ಪರೀಕ್ಷೆಯ ಹಿಂದಿನ ರಾತ್ರಿ ಅಳಿಸುವುದು ಇಂಥ ತಪ್ಪುಗಳೇ.

ಫಂಕ್ಷನ್ ಪಾಯಿಂಟರ್‌ನ ದಾರಿ ಬೇರೆ. ಮೂರೂ ಫಂಕ್ಷನ್‌ಗಳ ವಿಳಾಸವನ್ನು ಒಂದು ಅರೇಯಲ್ಲಿ ಸಾಲಾಗಿ ಇಡುವುದು, ಒತ್ತಿದ ಅಂಕಿಯ ಮನೆಯಲ್ಲಿರುವ ವಿಳಾಸಕ್ಕೆ ನೇರ ಹೋಗುವುದು. ಭಾಗಾಕಾರವೂ ಬೇಕೆ? ಆ ಫಂಕ್ಷನ್ ಬರೆದು, ಸಾಲಿಗೆ ಇನ್ನೊಂದು ವಿಳಾಸ ಸೇರಿಸಿದರೆ ಸಾಕು. ಆದರೆ ಸ್ವಿಚ್‌ನಲ್ಲಿ, ಇಲ್ಲದ ಅಂಕಿ ಬಂದರೆ ಹಿಡಿಯಲು ‘ಡಿಫಾಲ್ಟ್’ ಬರೆಯಬಹುದು. ಅರೇಯಲ್ಲಿ ಆ ಕಾವಲಿಲ್ಲ. ಇಲ್ಲದ ಮನೆಗೆ ಹೋದ ಪ್ರೋಗ್ರಾಮ್ ಕುಸಿದು ಬೀಳಬಹುದು.

ನಿಮಗೆ ‘ಸಿ’ ಬರಬೇಕಿಲ್ಲ. ರಾತ್ರಿ ಊಟಕ್ಕೆ ಕೂತಾಗ ಕೇಳಿ: “ಯಾರಾದರೂ 9 ಒತ್ತಿದರೆ ಏನು ಮಾಡ್ತೀ ಮಗಾ?”