ಸೈಕಲ್ಲಿಗೆ ಮೋಟಾರ್ ಕೂಡಿಸುವ ಮುನ್ನ

ಶಹಾಬಾದಿನ ಫರಸಿ ಕಲ್ಲಿನ ಗಣಿಗಳು, ವಾಡಿ ಮತ್ತು ಸೇಡಂ ಸುತ್ತಿನ ಸಿಮೆಂಟ್ ಕಾರ್ಖಾನೆಗಳು, ಚಿತ್ತಾಪುರ, ಚಿಂಚೋಳಿಯ ತೊಗರಿ ಹೊಲಗಳು ಇವೆಲ್ಲ ಇರುವ ಕಲಬುರಗಿ ಜಿಲ್ಲೆಯ ಈ ಭಾಗದಲ್ಲಿ ಬೇಸಿಗೆಯ ತಾಪ 40 ಡಿಗ್ರಿ ದಾಟುತ್ತದೆ. ಪಾಳಿ ಮುಗಿಸಿ ದಣಿದವರು ಎಂಟು ಹತ್ತು ಕಿಲೋಮೀಟರ್ ಪೆಡಲ್ ತುಳಿದು ಮನೆ ಸೇರುವುದು ಹಗುರದ ಕೆಲಸವಲ್ಲ. ಹೀಗಿರುವಾಗ, ಮನೆಯಲ್ಲಿರುವ ಸೈಕಲ್ಲಿಗೇ ಮೋಟಾರ್ ಕೂಡಿಸುವ ಕಿಟ್, ಬ್ಯಾಟರಿಯ ಬೆಲೆ ಬಿಟ್ಟು ಐದಾರು ಸಾವಿರ ರೂಪಾಯಿಗೆ ಆನ್‌ಲೈನಿನಲ್ಲಿ ಸಿಗುತ್ತದೆ ಎಂದರೆ ಅದು ಮನಸ್ಸು ಸೆಳೆಯುವುದು ಸಹಜ, ಆ ಆಸೆಯಲ್ಲಿ ತಪ್ಪೂ ಇಲ್ಲ. ಆದರೆ ಕಿಟ್ ಎಂಬುದು ವಾಹನವಲ್ಲ, ಬಿಡಿಭಾಗಗಳ ಒಂದು ಪೆಟ್ಟಿಗೆ. ಸಿದ್ಧ ವಾಹನದಲ್ಲಿ ಬ್ರೇಕ್, ಚೌಕಟ್ಟು, ಮೋಟಾರ್ ಒಂದಕ್ಕೊಂದು ಹೊಂದುತ್ತವೆಯೇ ಎಂದು ಪರೀಕ್ಷಿಸುವ ಹೊಣೆ ತಯಾರಕರದು. ಕಿಟ್ಟಿನಲ್ಲಿ ಆ ಹೊಣೆ ಸದ್ದಿಲ್ಲದೆ ಕೊಂಡವರ ಹೆಗಲಿಗೆ ಬೀಳುತ್ತದೆ.

ಸೈಕಲ್ಲಿಗೆ ಎಂಜಿನ್ ಕಟ್ಟುವುದು ಹೊಸ ವಿಚಾರವೇನಲ್ಲ. ಇಟಲಿಯ ಡುಕಾಟಿ ಕಂಪನಿ 1946ರಿಂದ ತಯಾರಿಸಿದ 'ಕುಚಿಯೊಲೊ' ಎಂಬ 48 ಸಿಸಿ ಎಂಜಿನ್ ಸಾಧಾರಣ ಸೈಕಲ್ಲಿಗೆ ಜೋಡಿಸಲೆಂದೇ ಹುಟ್ಟಿದ್ದು. ಭಾರತದಲ್ಲಿ 1972ರಲ್ಲಿ ಬಂದ ಲೂನಾ ಪೆಡಲ್ ಉಳಿಸಿಕೊಂಡಿದ್ದರೂ ಅದರ ಚೌಕಟ್ಟು, ಬ್ರೇಕುಗಳನ್ನು ಎಂಜಿನ್ನಿನ ವೇಗಕ್ಕೆಂದೇ ರೂಪಿಸಲಾಗಿತ್ತು. ಇಂದಿನ ಅಗ್ಗದ ಕಿಟ್ಟು ಬಿಟ್ಟುಬಿಡುವುದು ಇದನ್ನೇ.

ಪೆಟ್ರೋಲ್ ಕಿಟ್ಟುಗಳ ಮಾತು ಬೇಗ ಮುಗಿಯುತ್ತದೆ. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ನಾಲ್ಕಕ್ಕಿಂತ ಕಡಿಮೆ ಚಕ್ರಗಳಿದ್ದು 25 ಸಿಸಿ ಮೀರದ ಎಂಜಿನ್ ಉಳ್ಳದ್ದು ಮಾತ್ರ 'ಮೋಟಾರು ವಾಹನ'ದ ವ್ಯಾಖ್ಯೆಯಿಂದ ಹೊರಗುಳಿಯುತ್ತದೆ. 48 ಅಥವಾ 80 ಸಿಸಿ ಎಂದು ಮಾರುವ ಕಿಟ್ ಕೂಡಿಸಿದ ಸೈಕಲ್ಲಿಗೆ ನೋಂದಣಿ, ವಿಮೆ, ಲೈಸೆನ್ಸ್ ಎಲ್ಲವೂ ಬೇಕು, ಆದರೆ ಮಾದರಿ ಅನುಮೋದನೆ ಇಲ್ಲದ ಕಾರಣ ಅದಕ್ಕೆ ನೋಂದಣಿ ಸಿಗುವುದಿಲ್ಲ. ವಿದ್ಯುತ್ ಸೈಕಲ್ಲಿಗೆ 1989ರ ಕೇಂದ್ರ ನಿಯಮಗಳು ವಿನಾಯಿತಿ ಕೊಡುವುದು ಮೋಟಾರಿನ ಶಕ್ತಿ 250 ವಾಟ್‌ಗಿಂತ, ವೇಗ ಗಂಟೆಗೆ 25 ಕಿಲೋಮೀಟರಿಗಿಂತ ಕಡಿಮೆಯಿದ್ದು, ಬ್ಯಾಟರಿ ಬಿಟ್ಟು ತೂಕ 60 ಕಿಲೋ ಮೀರದೆ, ತಕ್ಕ ಬ್ರೇಕುಗಳಿದ್ದು, ಅಧಿಕೃತ ಪರೀಕ್ಷಾ ಸಂಸ್ಥೆಯ ಅನುಮೋದನೆ ಇದ್ದಾಗ ಮಾತ್ರ. 350, 500 ವಾಟ್ ಎಂದು ಹೆಮ್ಮೆಯಿಂದ ಬರೆದ ಪೆಟ್ಟಿಗೆ ಕೊಳ್ಳುವವರನ್ನು ಈ ವಿನಾಯಿತಿಯ ಆಚೆಗೆ ಒಯ್ಯುತ್ತದೆ.

ನಿಜವಾದ ಅಪಾಯ ಅಡಗಿರುವುದು ಎಕ್ಸಲಿನಲ್ಲಿ. ಹಬ್ ಮೋಟಾರ್, ಅಂದರೆ ಚಕ್ರದ ಗುಂಬದೊಳಗೇ ಕೂರುವ ಮೋಟಾರ್, ಚಕ್ರವನ್ನು ಮುಂದಕ್ಕೆ ತಿರುಗಿಸುವಷ್ಟೇ ಬಲದಿಂದ ತನ್ನ ಎಕ್ಸಲನ್ನು ಹಿಂದಕ್ಕೆ ತಿರುಚುತ್ತದೆ. ಮೋಟಾರಿನ ತಿರುಚುಬಲ 30 ನ್ಯೂಟನ್ ಮೀಟರ್ ಎಂದಿಟ್ಟುಕೊಂಡರೆ, ಹತ್ತು ಮಿಲಿಮೀಟರ್ ದಪ್ಪದ ಎಕ್ಸಲಿನ ಅಂಚಿನಲ್ಲಿ ಅದು ಸುಮಾರು 600 ಕಿಲೋ ಭಾರದಷ್ಟು ಒತ್ತಡವಾಗುತ್ತದೆ. ಸಾದಾ ಸೈಕಲ್ಲಿನ ಮುಂದಿನ ಫೋರ್ಕಿನ ಸೀಳು ಎಂಟು ಮಿಲಿಮೀಟರ್ ಎಕ್ಸಲಿಗೆ ಮಾಡಿದ್ದು; ಆದ್ದರಿಂದ ಮೆಕ್ಯಾನಿಕ್ ಅದನ್ನು ಅರದಿಂದ ಉಜ್ಜಿ ಅಗಲಿಸುತ್ತಾರೆ, ಎಲ್ಲಿ ಬಲ ಬೇಕೋ ಅಲ್ಲೇ ಲೋಹ ತೆಳುವಾಗುತ್ತದೆ. ನಟ್ ಸಡಿಲಿ ಎಕ್ಸಲ್ ತಿರುಗಿತೆಂದರೆ ಮೋಟಾರಿನ ತಂತಿ ಹರಿಯುತ್ತದೆ, ಚಕ್ರವೇ ಕಳಚಬಹುದು. ಎಕ್ಸಲನ್ನು ಕಚ್ಚಿ ಹಿಡಿದು ಫೋರ್ಕಿಗೆ ಬಿಗಿಯುವ ಉಕ್ಕಿನ ಪಟ್ಟಿಯೊಂದು ಇದನ್ನು ತಡೆಯುತ್ತದೆ, ಅಗ್ಗದ ಕಿಟ್ಟಿನಲ್ಲಿ ಇರದಿರುವುದು ಅದೇ. ಪರೀಕ್ಷೆಗೆ ಹೆಚ್ಚೇನೂ ಬೇಕಿಲ್ಲ: ನಟ್, ಎಕ್ಸಲ್ ಮತ್ತು ಫೋರ್ಕಿನ ಮೇಲೆ ಅಡ್ಡಲಾಗಿ ಒಂದೇ ಬಣ್ಣದ ಗೆರೆ ಎಳೆದು, ಒಂದು ವಾರ ಓಡಿಸಿ ನೋಡಿದಾಗ ಗೆರೆ ಮುರಿದಿದ್ದರೆ ಆ ಸೈಕಲ್ ರಸ್ತೆಗೆ ಯೋಗ್ಯವಲ್ಲ.

ಬ್ಯಾಟರಿಯ ಸುಳ್ಳನ್ನು ತಕ್ಕಡಿ ಹೊರಗೆಡವುತ್ತದೆ. 36 ವೋಲ್ಟ್, 10 ಆಂಪಿಯರ್ ಅವರ್ ಲಿಥಿಯಂ ಬ್ಯಾಟರಿಯಲ್ಲಿ ಒಳ್ಳೆಯ ದರ್ಜೆಯ ಕೋಶಗಳಾದರೂ 30 ಬೇಕು, ಸಾಧಾರಣ ಕೋಶಗಳಾದರೆ 40. ಒಂದೊಂದು ಕೋಶ ಹೆಚ್ಚೂಕಡಿಮೆ 45 ಗ್ರಾಂ ತೂಗುತ್ತದೆ, ಆದುದರಿಂದ ಕವಚ, ತಂತಿ ಸೇರಿಯೂ ಒಂದು ಕಿಲೋ ಮಾತ್ರ ತೂಗುವ ಪೆಟ್ಟಿಗೆಯಲ್ಲಿ ಆ ಸಾಮರ್ಥ್ಯ ಇರಲು ಸಾಧ್ಯವೇ ಇಲ್ಲ. ಸೀಸ-ಆಮ್ಲ ಬ್ಯಾಟರಿಯ ಲೆಕ್ಕವೇ ಬೇರೆ: ಅದರ ಮೇಲೆ ಬರೆದ 7 ಆಂಪಿಯರ್ ಅವರ್ ಎಂಬುದು 20 ಗಂಟೆಗಳ ಕಾಲ ಮೆಲ್ಲಗೆ ಬಳಸಿದಾಗಿನ ಅಳತೆ; ಮೋಟಾರ್ ಒಂದೇ ಸಮನೆ ಹೀರಿದಾಗ ಅರ್ಧಕ್ಕಿಂತ ತುಸು ಹೆಚ್ಚಷ್ಟೇ ದಕ್ಕುತ್ತದೆ. ಅಂಥ ಎರಡು ಬ್ಯಾಟರಿಗಳು ಪೆಡಲ್ ತುಳಿಯದೆ ಸಮತಟ್ಟು ರಸ್ತೆಯಲ್ಲೂ ಹತ್ತು ಹನ್ನೆರಡು ಕಿಲೋಮೀಟರ್ ಎಳೆದಾವು. ವಾಡಿಯಿಂದ ಶಹಾಬಾದಿಗೆ ಹೋಗಬಹುದು, ಮರಳುವಾಗ ಭಾರ ಹೆಚ್ಚಾದ ಸೈಕಲ್ಲನ್ನು ತುಳಿದೇ ಬರಬೇಕು. ಚಿಂಚೋಳಿಯ ಕುಂಚಾವರಂ ಗುಡ್ಡದ ಕಡೆಗೆ ಹೋಗುವವರಿಗೆ ಇದೂ ದಕ್ಕದು, ಏಕೆಂದರೆ ನೂರು ಮೀಟರಿಗೆ ಐದು ಮೀಟರ್ ಏರುವ ದಾರಿಯಲ್ಲಿ ಒಟ್ಟು ನೂರು ಕಿಲೋ ಭಾರವನ್ನು ಗಂಟೆಗೆ 15 ಕಿಲೋಮೀಟರ್ ವೇಗದಲ್ಲಿ ಎತ್ತುವುದಕ್ಕೇ 200 ವಾಟ್ ಬೇಕು.

ಬ್ರೇಕಿನ ವಿಷಯದಲ್ಲಿ ಉದಾಸೀನ ಮಾಡುವಂತಿಲ್ಲ. ವೇಗ 12ರಿಂದ 24 ಕಿಲೋಮೀಟರಿಗೆ ಏರಿದರೆ ಬ್ರೇಕ್ ತಡೆಯಬೇಕಾದ ಚಲನಶಕ್ತಿ ನಾಲ್ಕು ಪಟ್ಟಾಗುತ್ತದೆ, ಆದರೆ ರಿಮ್ಮಿಗೆ ಒತ್ತುವ ರಬ್ಬರ್ ತುಂಡುಗಳು ಅವೇ. ಸುಣ್ಣಕಲ್ಲಿನ ದೂಳು ಮಳೆಯಲ್ಲಿ ನೆನೆದು ರಿಮ್ಮಿಗೆ ಮೆತ್ತಿದಾಗ ಅವುಗಳ ಹಿಡಿತ ಇನ್ನೂ ತಗ್ಗುತ್ತದೆ. ಕಿಟ್ಟಿನೊಡನೆ ಬರುವ, ಬ್ರೇಕ್ ಹಿಡಿದ ಕೂಡಲೇ ಮೋಟಾರಿಗೆ ವಿದ್ಯುತ್ ನಿಲ್ಲಿಸುವ ಹಿಡಿಕೆಗಳು ಕೇಬಲ್ ಬ್ರೇಕಿಗೆ ಮಾಡಿದವು. ಸರಳಿನ ಬ್ರೇಕಿನ ಹಳೆಯ ಸೈಕಲ್ಲಿಗೆ ಅವು ಕೂರುವುದಿಲ್ಲವೆಂದು ಅವನ್ನು ಜೋಡಿಸದೆ ಬಿಡುವುದು ಎಲ್ಲಕ್ಕಿಂತ ದೊಡ್ಡ ತಪ್ಪು. ಅಗ್ಗದ ಕಂಟ್ರೋಲರಿನಲ್ಲಿ ಎಕ್ಸಲರೇಟರಿನ ಒಂದು ತಂತಿ ಹರಿದರೂ ಮೋಟಾರ್ ಪೂರ್ಣ ವೇಗಕ್ಕೆ ಹೋಗಬಹುದಾಗಿದ್ದು, ಆಗ ಸವಾರರನ್ನು ಕಾಯುವುದು ಆ ಹಿಡಿಕೆಯೊಂದೇ. ಮೋಟಾರಿನ ಚಕ್ರವನ್ನು ನೆಲದಿಂದ ಎತ್ತಿ, ಎಕ್ಸಲರೇಟರ್ ತಿರುವಿ, ಬ್ರೇಕ್ ಹಿಡಿದು ಮೋಟಾರಿನ ಎಳೆತ ತಕ್ಷಣ ನಿಲ್ಲುವುದೇ ಎಂದು ನೋಡಿದ ಮೇಲೆಯೇ, ಸಾಮಾನ್ಯವಾಗಿ ಹೇರುವ ಭಾರವನ್ನೇ ಹೇರಿ, ಖಾಲಿ ರಸ್ತೆಯಲ್ಲಿ ನಿಲ್ಲುವ ದೂರವನ್ನು ಒಣ ರಿಮ್ಮಿನಲ್ಲೊಮ್ಮೆ, ನೆನೆಸಿದ ರಿಮ್ಮಿನಲ್ಲೊಮ್ಮೆ ಅಳೆಯಬೇಕು.

ಈ ಅಳತೆಗಳನ್ನು ಬರೆದಿಟ್ಟುಕೊಳ್ಳುವುದಕ್ಕೆ ಇನ್ನೊಂದು ಕಾರಣವಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಕೊಂಡವರು ತಾವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಮಾರಾಟಗಾರ ದೆಹಲಿಯಲ್ಲಿದ್ದರೂ ಚಿಂಚೋಳಿಯವರು ಕಲಬುರಗಿಯ ಆಯೋಗಕ್ಕೆ ಹೋದರೆ ಸಾಕು. ಐದು ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕವಿಲ್ಲ, 1915ಕ್ಕೆ ಕರೆ ಮಾಡಿದರೆ ಸಲಹೆ ಸಿಗುತ್ತದೆ. ದೋಷವನ್ನು ಪರೀಕ್ಷೆಯಿಲ್ಲದೆ ನಿರ್ಧರಿಸಲಾಗದಿದ್ದರೆ ಆಯೋಗವೇ ಆ ವಸ್ತುವಿನ ಮಾದರಿಯನ್ನು ಮೊಹರು ಮಾಡಿ ಪ್ರಯೋಗಾಲಯಕ್ಕೆ ಕಳಿಸುವ ಅಧಿಕಾರ ಹೊಂದಿದೆ. ಅದಕ್ಕೆ ಬಿಲ್ಲು, ಸಾಮರ್ಥ್ಯ ಮುದ್ರಿಸಿದ ಪೆಟ್ಟಿಗೆ, ತಕ್ಕಡಿಯ ಮೇಲಿಟ್ಟ ಬ್ಯಾಟರಿಯ ಚಿತ್ರ ಕೈಯಲ್ಲಿರಬೇಕು, ಎರಡು ವರ್ಷದೊಳಗೆ ದೂರು ದಾಖಲಾಗಬೇಕು.