ಗೋಡೆಯೊಳಗಿನ ಮಾಡ, ಗೋಡೆಯ ಮೇಲಿನ ಮೇಜು

ಯಲಬುರ್ಗಾ ತಾಲ್ಲೂಕಿನ ಎರಿ ಭೂಮಿಯ ಹಳ್ಳಿಯೊಂದರಲ್ಲಿ ನಮ್ಮ ಆಯಿಯ ಮನೆ ಇತ್ತು. ಕಲ್ಲು ಮಣ್ಣಿನ ಗೋಡೆ, ಮೇಲೆ ಮಣ್ಣಿನ ಮಾಳಿಗೆ. ಕರೆಂಟು ಹೋದ ರಾತ್ರಿ ಆಯಿ ಎದ್ದು, ಕತ್ತಲಲ್ಲೇ ನಾಲ್ಕು ಹೆಜ್ಜೆ ಇಟ್ಟು ಕೈ ಚಾಚಿದರೆ ಕಡ್ಡಿಪೆಟ್ಟಿಗೆ ಸಿಗುತ್ತಿತ್ತು. ಅವಳು ತಡಕಾಡಿದ್ದನ್ನು ನಾನು ಒಮ್ಮೆಯೂ ನೋಡಲಿಲ್ಲ. ಅಡುಗೆ ಮನೆಯ ಬಾಗಿಲ ಪಕ್ಕದ ಮಾಡದಲ್ಲಿ ಚಿಮಣಿ, ಚಿಮಣಿಯ ಬಲಕ್ಕೆ ಕಡ್ಡಿಪೆಟ್ಟಿಗೆ. ನಲವತ್ತು ವರ್ಷ ಅದರ ಜಾಗ ಬದಲಾಗಿರಲಿಲ್ಲ.

ಆ ಮನೆಯಲ್ಲಿ ಮೇಜಿರಲಿಲ್ಲ, ಕಪಾಟಿರಲಿಲ್ಲ. ಆದರೂ ನೆಲದ ಮೇಲೆ ಸಾಮಾನು ಹರಡಿ ಬಿದ್ದದ್ದು ನೆನಪಿಲ್ಲ. ಪಡಸಾಲೆಯ ಮಾಡದಲ್ಲಿ ಮುತ್ಯಾನ ಎಲೆ ಅಡಿಕೆ ಚಂಚಿ. ಒಳಗಿನ ಖೋಲಿಯ ಮಾಡದಲ್ಲಿ ಹಣಿಗೆ, ಕುಂಕುಮದ ಭರಣಿ, ಕೈಗನ್ನಡಿ. ದೇವರ ಮಾಡಕ್ಕೆ ಪ್ರತಿ ವರ್ಷ ಸುಣ್ಣ, ದೀಪದ ಮಾಡಕ್ಕೆ ಎಷ್ಟು ಸುಣ್ಣ ಬಳಿದರೂ ಮೇಲುಭಾಗದಲ್ಲಿ ಮಸಿಯ ನಾಲಗೆ. ಗೋಡೆಗೆ ಬಡಿದ ಗೂಟದಲ್ಲಿ ಬಾರಕೋಲು, ಹಗ್ಗ. ಜಂತಿಯಿಂದ ಇಳಿಬಿಟ್ಟ ನೆಲುವಿನಲ್ಲಿ ಬೆಕ್ಕಿಗೆ ಸಿಗದ ಹಾಲು, ಬೆಣ್ಣೆ. ಎರಡು ಗೋಡೆಗೆ ಅಡ್ಡಲಾಗಿ ಕಟ್ಟಿದ ಗಳದ ಮೇಲೆ ಮಡಿಸಿದ ಕೌದಿಗಳು. ಮನೆಯ ಸಾಮಾನೆಲ್ಲ ಗೋಡೆಯ ಮೇಲೆಯೇ ಇತ್ತು. ನೆಲ ಮನುಷ್ಯರಿಗೆ ಬಿಟ್ಟದ್ದು: ಉಣ್ಣಲು, ಕಾಳು ಹಸನು ಮಾಡಲು, ಮಲಗಲು.

ಮಾಡ ಎಂದರೆ ಕಟ್ಟಿದ ಗೋಡೆಯನ್ನು ಆಮೇಲೆ ಕೊರೆದ ತೂತಲ್ಲ. ಗೋಡೆ ಏಳುತ್ತಿರುವಾಗಲೇ ಒಂದು ವರಸೆಯಲ್ಲಿ ಕಲ್ಲು ಬಿಟ್ಟು ಜಾಗ ಉಳಿಸಿ, ಮೇಲೆ ಅಡ್ಡಲಾಗಿ ಚಪ್ಪಡಿ ಹಾಕಿ, ಮತ್ತೆ ಕಟ್ಟುತ್ತಾರೆ. ಗೋಡೆ ಎರಡಡಿಗಿಂತ ದಪ್ಪ ಇರುತ್ತಿದ್ದರಿಂದ ಒಂದಡಿ ಒಳಕ್ಕೆ ಹೋದರೂ ಅದರ ಬಲ ಕುಗ್ಗುತ್ತಿರಲಿಲ್ಲ. ಮಾಳಿಗೆಯ ಮಣ್ಣಿನ ಭಾರ ಹೊರಲು ಆ ದಪ್ಪ ಬೇಕೇ ಬೇಕಿತ್ತು. ಬೇಕಾಗಿ ಬಂದ ದಪ್ಪದೊಳಗೇ ಜಾಗ ಕಂಡುಕೊಂಡರು, ಅದೇ ಜಾಣತನ. ಹಾಗಾಗಿ ಎಲ್ಲಿ ಏನಿಡಬೇಕು ಎಂಬ ಮಾತು ಮನೆ ಕಟ್ಟುವ ಮೊದಲೇ ಆಗಿಹೋಗುತ್ತಿತ್ತು. ಯಜಮಾನಿ ಬಂದು ನಿಂತು, ಇಲ್ಲಿ ದೀಪ, ಇಲ್ಲಿ ಉಪ್ಪು ಎಂದು ತೋರಿಸಬೇಕು, ಗೌಂಡಿ ಅಲ್ಲಿ ಕಲ್ಲು ಬಿಡಬೇಕು.

ನಮ್ಮ ಸೀಮೆಗೆ ಇದು ಹಳೆಯ ಅಭ್ಯಾಸ. ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ 1112ರಲ್ಲಿ ಕಟ್ಟಿಸಿದ ಇಟಗಿಯ ಮಹಾದೇವ ದೇವಾಲಯಕ್ಕೆ ಹೋಗಿ ಗೋಡೆಗಳನ್ನು ನೋಡಿ. ಇಟಗಿ ಮೊದಲು ಯಲಬುರ್ಗಾ ತಾಲ್ಲೂಕಿನಲ್ಲಿತ್ತು, ಈಗ ಕುಕನೂರಿಗೆ ಸೇರಿದೆ. ದೇವರ ಮೂರ್ತಿ ಇಡುವ ಗೂಡುಗಳು, ಅಂದರೆ ದೇವಕೋಷ್ಠಗಳು, ಅಲ್ಲಿ ಗೋಡೆಯ ಲೆಕ್ಕದಲ್ಲೇ ಹುಟ್ಟಿದವು. ಎಲ್ಲಿ ಗೋಡೆ ಒಳಕ್ಕೆ ಸರಿಯಬೇಕು, ಎಲ್ಲಿ ಹೊರಕ್ಕೆ ಬರಬೇಕು ಎಂಬುದನ್ನು ಕಲ್ಲುಕುಟಿಗ ಮೊದಲೇ ಎಣಿಸಿದ್ದಾನೆ. ಆಯಿಯ ಮನೆಯ ದೀಪದ ಮಾಡ ಆ ಕೋಷ್ಠಗಳ ಬಡ ತಂಗಿ ಎಂದು ನಾನು ಪ್ರೀತಿಯಿಂದಲೇ ಹೇಳುತ್ತೇನೆ.

ಈಗಿನ ಗೋಡೆಗೆ ಆ ದಪ್ಪವಿಲ್ಲ. ಕೊಪ್ಪಳ 1997ರಲ್ಲಿ ರಾಯಚೂರಿನಿಂದ ಬೇರೆಯಾಗಿ ಜಿಲ್ಲೆಯಾದ ಮೇಲೆ ಊರಿನ ನಾಲ್ಕೂ ದಿಕ್ಕಿಗೆ ಲೇಔಟುಗಳು ಬೆಳೆದವು. ಗಂಗಾವತಿಯಲ್ಲೂ ಕುಷ್ಟಗಿಯಲ್ಲೂ ಅದೇ ಕತೆ. ಮೂವತ್ತು ನಲವತ್ತರ ಸೈಟು, ಕಾಲಂ, ಬೀಮು, ಮೇಲೆ ಸ್ಲ್ಯಾಬು. ಭಾರ ಹೊರುವ ಕೆಲಸ ಕಾಲಂನದ್ದಾದ್ದರಿಂದ ಗೋಡೆ ಬರೀ ಮರೆ. ಹೊರಗೋಡೆ ಒಂಬತ್ತಿಂಚು ಇದ್ದರೆ ಹೆಚ್ಚು, ಒಳಗಿನ ಅಡ್ಡಗೋಡೆ ನಾಲ್ಕೂವರೆ. ಅದರಲ್ಲಿ ಮಾಡ ಬಿಟ್ಟರೆ ಪಕ್ಕದ ಖೋಲಿ ಕಾಣುತ್ತದೆ. ಸಾಮಾನು ಗೋಡೆಯೊಳಗಿಂದ ಹೊರಬಿತ್ತು. ಅಲ್ಮೇರಾ, ಟ್ರಂಕು, ಮಂಚದ ಅಡಿ, ಕೊನೆಗೆ ನೆಲ. ಗೋಡೆ ಖಾಲಿ ಉಳಿಯಿತು.

ಪೂರ್ತಿ ಖಾಲಿ ಎಂದರೂ ತಪ್ಪೇ. ಮನೆಯ ಅತಿ ದೊಡ್ಡ ಗೋಡೆಯನ್ನು ಟಿ.ವಿ. ಮತ್ತು ಅದರ ಶೋಕೇಸು ಹಿಡಿದುಕೊಂಡಿವೆ. ಗೃಹಪ್ರವೇಶಕ್ಕೆ ಕರೆದವರ ಮನೆಗಳಲ್ಲಿ ನೋಡುತ್ತೇನೆ: ಹಾಲಿನ ಶೋಕೇಸಿಗೆ ಕೈಬಿಚ್ಚಿ ಖರ್ಚು ಮಾಡಿರುತ್ತಾರೆ, ಹತ್ತನೇ ತರಗತಿಯ ಹುಡುಗಿ ಮಂಚದ ಮೇಲೆ ಬಗ್ಗಿ ಕೂತು ದಿಂಬಿನ ಮೇಲೆ ನೋಟ್‌ಬುಕ್ ಇಟ್ಟು ಬರೆಯುತ್ತಿರುತ್ತಾಳೆ. ಹೊಲಿಗೆ ಮಷಿನ್ನಿನಿಂದ ಮನೆ ನಡೆಸುವ ತಾಯಿಗೆ ಕತ್ತರಿ, ದಾರದ ಉಂಡೆ, ಅರ್ಧ ಹೊಲಿದ ಜಂಪರು ಇಡಲು ಒಂದು ಹಲಗೆ ಇರುವುದಿಲ್ಲ. ನನಗೆ ಇದು ಹೊಟ್ಟೆ ಉರಿಸುವ ಸಂಗತಿ. ಮನೆಯಲ್ಲಿ ಕೈಕೆಲಸ ಮಾಡುವವರಿಗೆ, ಓದುವವರಿಗೆ ಗೋಡೆಯ ಮೊದಲ ಪಾಲು ಸಿಗಬೇಕು. ಶೋಕೇಸಿನದು ಆಮೇಲೆ.

ನನ್ನ ಅಣ್ಣನ ಮಗ ಕೊಪ್ಪಳದಲ್ಲಿ ಪರೀಕ್ಷೆಗೆ ಓದುತ್ತಿದ್ದಾನೆ. ಈ ಊರಿನಲ್ಲಿ ಓದುವ ಹುಡುಗರ ಪ್ರಪಂಚವೇ ಒಂದಿದೆ. ಗವಿಮಠದ ಆವರಣದಲ್ಲಿ ನಸುಕಿನಿಂದಲೇ ಪುಸ್ತಕ ಹಿಡಿದು ಕೂತವರನ್ನು ಕಂಡರೆ ಯಾರಿಗಾದರೂ ಮನಸ್ಸು ತುಂಬುತ್ತದೆ. ಆದರೆ ಸಂಜೆ ಮರಳುವ ಬಾಡಿಗೆ ಖೋಲಿ ಎಂಟಡಿ ಹತ್ತಡಿ, ಅದರಲ್ಲಿ ಇಬ್ಬರು. ಎರಡು ಹಾಸಿಗೆ ಹಾಸಿದರೆ ಕಾಲಿಡಲು ಜಾಗವಿಲ್ಲ, ಮೇಜಿನ ಮಾತೇ ಬೇಡ. ಗೋಡೆಗೆ ಮಡಚುವ ಮೇಜು ಮಾಡಿಸೋಣವೆಂದು ಪರಿಚಯದ ಬಡಿಗನನ್ನು ಕರೆದುಕೊಂಡು ಹೋದೆ. ಮನೆ ಮಾಲಕರದ್ದು ಒಂದೇ ಷರತ್ತು: “ಗ್ವಾಡಿಗೆ ಮೊಳಿ ಹೊಡಿಬ್ಯಾಡ್ರಿ.”

ಬಡಿಗ ಚೀಲದಿಂದ ಏನನ್ನೂ ತೆಗೆಯಲಿಲ್ಲ. ಬೆರಳ ಗೆಣ್ಣಿನಿಂದ ಗೋಡೆಯನ್ನು ಒಂದು ಮೂಲೆಯಿಂದ ಇನ್ನೊಂದು ಮೂಲೆಯವರೆಗೆ ಬಡಿಯುತ್ತ ಹೋದ. ಠಣ್, ಠಣ್, ಆಮೇಲೆ ಡಬ್. ಅಲ್ಲಿ ನಿಂತ. “ಅಕ್ಕಾರ, ಇಲ್ಲಿ ಬ್ಲಾಕ್ ಪೊಳ್ಳೈತ್ರಿ. ಇಲ್ಲಿ ಹಾಕಿದ್ರ ಒಂದ್ ದಿನಾ ಬೀಳತೈತಿ.”

ಆ ಮಾತು ನನಗೆ ಚುಚ್ಚಿತು, ಏಕೆಂದರೆ ನಮ್ಮ ಮನೆಯಲ್ಲಿ ಒಮ್ಮೆ ಬಿದ್ದಿತ್ತು. ಮೂರಡಿ ಉದ್ದದ ಹಲಗೆ, ತುಂಬ ಪುಸ್ತಕ. ಒಂದು ಮಧ್ಯಾಹ್ನ ಪ್ಲಾಸ್ಟರಿನ ಹೆಂಟೆ ಸಮೇತ ಕೆಳಗೆ. ಮಗಳು ಐದು ನಿಮಿಷ ಮೊದಲು ಅಲ್ಲಿಂದ ಎದ್ದುಹೋಗಿದ್ದಳು. ಅಂದಿನಿಂದ ಈ ಲೆಕ್ಕ ಕಲಿತಿದ್ದೇನೆ. ಒಂದಡಿ ಉದ್ದ ಸಾಲಾಗಿ ನಿಲ್ಲಿಸಿದ ದಪ್ಪ ಪುಸ್ತಕಗಳು ಸುಮಾರು ಒಂಬತ್ತು ಹತ್ತು ಕೆ.ಜಿ. ತೂಗುತ್ತವೆ. ಮೂರಡಿಗೆ ಅರ್ಧ ಚೀಲ ಅಕ್ಕಿಯಷ್ಟು. ಭಾರ ಗೋಡೆಯಿಂದ ಎಷ್ಟು ಮುಂದಕ್ಕೆ ಕೂರುತ್ತದೋ ಮೇಲಿನ ಸ್ಕ್ರೂವನ್ನು ಅಷ್ಟು ಜೋರಾಗಿ ಕೀಳುತ್ತದೆ. ಅದಕ್ಕೇ ಪುಸ್ತಕದ ಹಲಗೆ ಎಂಟು ಒಂಬತ್ತು ಇಂಚು ಅಗಲವಿದ್ದರೆ ಸಾಕು. ಇನ್ನೊಂದು ಮಾತು: ಹಲಗೆಯ ಉದ್ದ ಇಮ್ಮಡಿ ಮಾಡಿ ಅಡಿಗೆ ಅಷ್ಟಷ್ಟೇ ಪುಸ್ತಕ ಇಟ್ಟರೂ ಅದು ಬಾಗುವುದು ಎರಡು ಪಟ್ಟಲ್ಲ, ಹದಿನಾರು ಪಟ್ಟು. ಮುಕ್ಕಾಲಿಂಚಿನ ಪ್ಲೈವುಡ್ಡಿಗೂ ಎರಡೂವರೆ ಅಡಿಗೊಂದು ಆಧಾರ ಕೊಡಬೇಕು.

ಗೋಡೆಯಲ್ಲಿ ಸ್ಕ್ರೂ ಹಿಡಿದುಕೊಳ್ಳುವುದು ತನ್ನ ಬಲದಿಂದಲ್ಲ, ಅದನ್ನು ಸುತ್ತಿದ ಪ್ಲಗ್ಗಿನ ಬಲದಿಂದ. ಹಿಂದೆ ಗೋಡೆಯನ್ನು ಉಳಿಯಿಂದ ಕಡಿದು, ಕಟ್ಟಿಗೆಯ ಬೆಣೆ ಬಡಿದು, ಅದಕ್ಕೆ ಮೊಳೆ ಹೊಡೆಯುತ್ತಿದ್ದರು. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ಗೋಡೆ ಕೆಡದಂತೆ ವಿದ್ಯುತ್ ಸಾಮಾನು ಕೂರಿಸಬೇಕಾಗಿ ಬಂದಾಗ ಜಾನ್ ರಾಲಿಂಗ್ಸ್ ಎಂಬ ಗುತ್ತಿಗೆದಾರ ಸೆಣಬಿನ ನಾರನ್ನು ಅಂಟಿನಲ್ಲಿ ಗಟ್ಟಿ ಮಾಡಿದ ಸಣ್ಣ ಕೊಳವೆ ಕಂಡುಹಿಡಿದ. 1911ರಲ್ಲಿ ಅದಕ್ಕೆ ಪೇಟೆಂಟ್ ಪಡೆದ. ನಮ್ಮ ಎಲೆಕ್ಟ್ರಿಷಿಯನ್ನರು ಇಂದಿಗೂ ರಾವಲ್ ಪ್ಲಗ್ ಎನ್ನುವುದು ಅವನ ಹೆಸರಿನಿಂದಲೇ. 1958ರಲ್ಲಿ ಜರ್ಮನಿಯ ಆರ್ಟುರ್ ಫಿಷರ್ ಅದನ್ನು ನೈಲಾನಿನಲ್ಲಿ ತಂದರು. ಸ್ಕ್ರೂ ಒಳಗೆ ಹೋದಂತೆ ಪ್ಲಗ್ಗು ಉಬ್ಬಿ ಇಟ್ಟಂಗಿಯನ್ನು ಒಳಗಿನಿಂದ ಒತ್ತಿ ಹಿಡಿಯುತ್ತದೆ. ಇಟ್ಟಂಗಿ ಗಟ್ಟಿ ಇರಬೇಕು, ತೂತು ಪ್ಲಾಸ್ಟರನ್ನು ದಾಟಿ ಒಳಕ್ಕೆ ಹೋಗಿರಬೇಕು. ಪೊಳ್ಳು ಬ್ಲಾಕಿನಲ್ಲಿ ಒತ್ತಲು ಏನೂ ಇಲ್ಲ. ಅಲ್ಲಿ ಒಳಹೋಗಿ ರೆಕ್ಕೆ ಬಿಚ್ಚಿಕೊಳ್ಳುವ ಬೋಲ್ಟು ಬೇಕು, ಅಥವಾ ಕಾಲಂ ಇರುವ ಜಾಗ ಹುಡುಕಬೇಕು. ಬಡಿಗ ಹುಡುಕಿದ್ದು ಕಾಲಮ್ಮನ್ನು.

ಮಾಲಕರ ಷರತ್ತಿಗೂ ಅವನಲ್ಲಿ ಉತ್ತರವಿತ್ತು. ಎರಡು ಪಟ್ಟಿ ಪ್ಲೈವುಡ್ಡನ್ನು ಓರೆಯಾಗಿ ಸೀಳಿದ. ಒಂದು ಪಟ್ಟಿ ಗೋಡೆಗೆ, ಓರೆ ಬಾಯಿ ಮೇಲಕ್ಕೆ, ಬರೀ ನಾಲ್ಕು ಸ್ಕ್ರೂ. ಇನ್ನೊಂದು ಪಟ್ಟಿ ಮೇಜಿನ ಮೇಲೆ ಬರುವ ಪುಸ್ತಕದ ಗೂಡಿನ ಬೆನ್ನಿಗೆ, ಬಾಯಿ ಕೆಳಕ್ಕೆ. ಎತ್ತಿ ಇಳಿಬಿಟ್ಟರೆ ಒಂದರ ಹಲ್ಲಿನಲ್ಲಿ ಇನ್ನೊಂದು ಕಚ್ಚಿ ಕೂರುತ್ತದೆ. ಭಾರ ಹೆಚ್ಚಿದಷ್ಟೂ ಗೋಡೆಗೆ ಅಂಟಿಕೊಳ್ಳುತ್ತದೆ. ಖೋಲಿ ಬಿಡುವ ದಿನ ಎತ್ತಿಕೊಂಡು ಹೋಗುವುದು, ನಾಲ್ಕು ತೂತಿಗೆ ಪುಟ್ಟಿ ತುಂಬುವುದು. ಮಾಲಕರು ಎರಡು ಸಲ ಎತ್ತಿಸಿ ಇಳಿಸಿ ನೋಡಿ ಒಪ್ಪಿದರು.

ಬಿಡಿಬಿಡಿಯಾಗಿ ಬಿಚ್ಚಿ ಜೋಡಿಸುವ ಈ ಪದ್ಧತಿಗೆ ಪೇಟೆಯವರು ಮಾಡ್ಯುಲರ್ ಎನ್ನುತ್ತಾರೆ. ಹೆಸರು ಹೊಸದು, ನೋಡಿದ್ದು ಹೊಸದಲ್ಲ. ಯಾವ ಔಷಧಿ ಅಂಗಡಿಗೆ ಹೋದರೂ ಗೋಡೆಗೆ ಎರಡು ಉಕ್ಕಿನ ಚಾನೆಲ್, ಅದರ ತೂತಿನ ಸಾಲಿಗೆ ಸಿಕ್ಕಿಸುವ ಬ್ರ್ಯಾಕೆಟ್, ಮೇಲೆ ಹಲಗೆ. ದೊಡ್ಡ ಡಬ್ಬ ಬಂದರೆ ಹಲಗೆಯನ್ನು ಒಂದು ತೂತು ಮೇಲಕ್ಕೆ ಏರಿಸುತ್ತಾರೆ. ಸ್ವೀಡನ್ನಿನಲ್ಲಿ ಬೊನಿಯರ್ ಎಂಬ ಪುಸ್ತಕ ಪ್ರಕಾಶನ ಸಂಸ್ಥೆ ಅಗ್ಗದ, ಸುಲಭವಾಗಿ ಸಾಗಿಸಬಲ್ಲ ಪುಸ್ತಕದ ಗೂಡಿಗಾಗಿ ಸ್ಪರ್ಧೆ ಏರ್ಪಡಿಸಿತ್ತು. 1949ರಲ್ಲಿ ಅದನ್ನು ಗೆದ್ದದ್ದು ನಿಲ್ಸ್ ಸ್ಟ್ರಿನ್ನಿಂಗ್ ಮಾಡಿದ, ತಂತಿಯ ಏಣಿಗೆ ಹಲಗೆ ಸಿಕ್ಕಿಸುವ ಗೂಡು. ಪುಸ್ತಕ ಮಾರುವವರು ಅದನ್ನು ಇಡುವ ಜಾಗದ ಚಿಂತೆಯನ್ನೂ ಮಾಡಿದರಲ್ಲ, ಅದು ನನಗೆ ಬಹಳ ಹಿಡಿಸಿತು. ಅಂಗಡಿಯ ಚಾನೆಲ್ಲನ್ನು ಓದುವ ಹುಡುಗರ ಖೋಲಿಗೆ ತರಲು ನಮಗೆ ಯಾರ ಅಪ್ಪಣೆಯೂ ಬೇಕಿಲ್ಲ.

ಆದರೆ ಒಂದೇ ಅಳತೆ ನಮ್ಮ ಜಿಲ್ಲೆಯ ಎಲ್ಲ ತಾಲ್ಲೂಕಿಗೂ ಹೊಂದುವುದಿಲ್ಲ. ಎರಿ ನೆಲ ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತದೆ. ಬುನಾದಿ ಆಳಕ್ಕೆ ಹೋಗದ ಮನೆಗಳ ಗೋಡೆಯೂ ಅದರ ಜೊತೆ ಬಿರಿಯುತ್ತದೆ. ಯಲಬುರ್ಗಾ ಕಡೆಯವರು ಬಿರುಕಿನ ಸಮೀಪ ಏನನ್ನೂ ತೂಗುಹಾಕಬಾರದು. ಗಂಗಾವತಿಯ ಕಾಲುವೆ ಬಯಲಿನಲ್ಲಿ ತಗ್ಗಿನ ಮನೆಗಳ ಗೋಡೆ ಬುಡದಲ್ಲಿ ನೀರು ಹೀರುತ್ತದೆ. ಅಲ್ಲಿ ನೆಲಕ್ಕೆ ತಾಗಿದ ಅಲ್ಮೇರಾಕ್ಕಿಂತ ಅಡಿ ಮೇಲೆ ತೂಗುವ ಗೂಡೇ ಬಾಳಿಕೆ, ಕೆಳಗೆ ಕಸಬರಿಗೆಯೂ ಆಡುತ್ತದೆ, ಇಲಿಯೂ ಕಾಣುತ್ತದೆ. ಅಗ್ಗವೆಂದು ಪಾರ್ಟಿಕಲ್ ಬೋರ್ಡ್ ತಂದರೆ ಒಂದು ಸಲ ನೀರು ತಾಗಿದ ಅಂಚು ಹೋಳಿಗೆಯಂತೆ ಉಬ್ಬಿ ಮತ್ತೆ ಕೂರುವುದಿಲ್ಲ. ಪ್ಲೈವುಡ್ ಕೊಳ್ಳುವಾಗ ಹಲಗೆಯ ಮೇಲಿನ ಮುದ್ರೆ ಓದಿ: ಐ.ಎಸ್. 303 ಸಾಮಾನ್ಯ ಬಳಕೆಯದು, ಐ.ಎಸ್. 710 ನೀರು ತಡೆಯುವ ಮರೀನ್ ದರ್ಜೆಯದು.

ಅಡುಗೆ ಮನೆಗಾದರೆ ಪ್ಲೈವುಡ್ಡೇ ಬೇಡ. ಮನೆ ಕಟ್ಟುತ್ತಿರುವಾಗಲೇ ಗೋಡೆಯಲ್ಲಿ ತೋಡು ಬಿಟ್ಟು ಶಹಾಬಾದ್ ಪರಸಿಯನ್ನು ಸಿಮೆಂಟಿನಲ್ಲಿ ಕೂರಿಸುವುದು ನಮ್ಮ ಗೌಂಡಿಗಳಿಗೆ ಎಡಗೈ ಕೆಲಸ. ಗೆದ್ದಲು ತಿನ್ನುವುದಿಲ್ಲ, ಒಗ್ಗರಣೆಯ ಎಣ್ಣೆ ಹಿಡಿದರೂ ಒರೆಸಿದರೆ ಹೋಗುತ್ತದೆ, ಉಪ್ಪಿನಕಾಯಿ ಜಾಡಿ ಇಟ್ಟರೂ ಬಾಗುವುದಿಲ್ಲ. ಕುಷ್ಟಗಿ ಕಡೆಯ ನೇಕಾರರ ಮನೆಗಳಲ್ಲಿ ಕುಣಿಮಗ್ಗದಲ್ಲಿ ಕೂತವರ ಕೈಗೆ ಎಟುಕುವಂತೆ ಗೋಡೆಯಲ್ಲಿ ಲಾಳಿ, ಕಂಡಿಕೆ ಇಡುವ ಗೂಡಿರುವುದನ್ನು ನೋಡಿದ್ದೇನೆ. ನಿಂತವರಿಗೆ ಅದು ಮೊಣಕಾಲಿನ ಹತ್ತಿರ. ಕುಣಿಯಲ್ಲಿ ಕಾಲಿಟ್ಟು ಕೂತರೆ ಸರಿಯಾಗಿ ಬಲಗೈ ಪಕ್ಕ. ಎತ್ತರವನ್ನು ಗೋಡೆ ನೋಡಿ ಗೊತ್ತು ಮಾಡಿದ್ದಲ್ಲ, ಕೂತ ಕೈಯನ್ನು ನೋಡಿ ಗೊತ್ತು ಮಾಡಿದ್ದು.

ಕೊಪ್ಪಳದ ಪಕ್ಕದಲ್ಲೇ ಕಿನ್ನಾಳವಿದೆ. ಹಗುರ ಕಟ್ಟಿಗೆಯನ್ನು ಕೆತ್ತಿ, ಹುಣಸೆ ಬೀಜದ ಅಂಟಿನಿಂದ ತುಂಡು ತುಂಡು ಕೂಡಿಸಿ ಬಣ್ಣ ಕಟ್ಟುವ ಚಿತ್ರಗಾರರ ಊರು. ಅವರ ಗೊಂಬೆಗಳಿಗೆ ಭೌಗೋಳಿಕ ಗುರುತು ಸಿಕ್ಕಿದೆ. ಮಡಚುವ ಮೇಜಿನ ಹೊರಮೈ, ಮುಚ್ಚಿದಾಗ ಖೋಲಿಗೆ ಕಾಣುವ ಮುಖ, ಕಿನ್ನಾಳದ ಬಣ್ಣದಲ್ಲಿ ಬಂದರೆ ಹೇಗಿರುತ್ತದೆ ಎಂದು ಯೋಚಿಸುತ್ತಿರುತ್ತೇನೆ. ಶೋಕೇಸಿನ ಗಾಜಿನ ಹಿಂದೆ ಕೂರುವ ಗೊಂಬೆಗಿಂತ ದಿನಾ ತೆರೆದು ಮುಚ್ಚುವ ಹಲಗೆಯಲ್ಲಿ ಆ ಕೈಗೆಲಸ ಹೆಚ್ಚು ದಿನ ಜನರ ನಡುವೆ ಇರುತ್ತದೆ, ಕಲಾವಿದರಿಗೆ ಕೆಲಸವೂ ಹೆಚ್ಚುತ್ತದೆ.

ಆ ದಿನ ಖೋಲಿಯಲ್ಲಿ ಪಟ್ಟಿ ಕೂರಿಸಿ, ಮೇಲೆ ಎರಡು ಸಾಲಿನ ಪುಸ್ತಕದ ಗೂಡು ತೂಗುಹಾಕಿದ್ದಾಯಿತು. ಮೇಜಿನ ಹಲಗೆ ಮೂವತ್ತಿಂಚು ಉದ್ದ, ಹದಿನೆಂಟು ಅಗಲ. ಅದರ ಒಂದು ಅಂಚಿಗೆ ತಿರುಗಣಿ, ಇನ್ನೊಂದು ಅಂಚಿಗೆ ಮಡಚುವ ಕಾಲು. ಮೊಣಕೈ ಊರಿದ ಭಾರದಲ್ಲಿ ಒಂದಷ್ಟು ಗೋಡೆಗೂ ಒಂದಷ್ಟು ನೆಲಕ್ಕೂ ಹೋಗಬೇಕೆಂದು. ಇನ್ನು ಎತ್ತರ. ನಾನು ಎಲ್ಲೋ ಓದಿದ ಇಪ್ಪತ್ತೊಂಬತ್ತು ಇಂಚು ಎಂದೆ. ಬಡಿಗ ನನ್ನ ಮಾತಿಗೆ ತಲೆಯಾಡಿಸಿ, ಟೇಪನ್ನು ಜೇಬಿಗೆ ಹಾಕಿಕೊಂಡು ಹುಡುಗನ ಕಡೆ ತಿರುಗಿದ. “ತಮ್ಮಾ, ಹೆಂಗ್ ಕುಂತು ಓದ್ತಿ, ಹಂಗ ಕುಂದ್ರು.”

ಅವನು ಸ್ಟೂಲು ಬಿಟ್ಟು ನೆಲದ ಮೇಲೆ ಹಾಸಿಗೆಯ ಸುರುಳಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ. ಬಡಿಗ ಬಗ್ಗಿ, ಅವನ ಮೊಣಕೈ ಮಡಚಿಸಿ, ಕಿವಿಯ ಹಿಂದಿನ ಪೆನ್ಸಿಲ್ ತೆಗೆದು ಅದರ ನೇರಕ್ಕೆ ಗೋಡೆಯ ಮೇಲೊಂದು ಗೆರೆ ಎಳೆದ.