ಹೆಬ್ಬಾಗಿಲಲ್ಲಿ ಗಂಟು ಬಿಚ್ಚಿಸುವವರು

2024ರ ಫೆಬ್ರವರಿ ತಿಂಗಳಲ್ಲಿ ಬೆಂಗಳೂರಿನ ರಾಜಾಜಿನಗರದ ಮೆಟ್ರೋ ನಿಲ್ದಾಣಕ್ಕೆ ವೃದ್ಧ ರೈತನೊಬ್ಬನು ಬಟ್ಟೆಯ ಮೂಟೆಯನ್ನು ಹೊತ್ತು ಬಂದನು. ಟಿಕೆಟ್ಟು ಅವನ ಕೈಯಲ್ಲಿತ್ತು. ಆದರೂ ತಪಾಸಣೆಯ ಸ್ಥಳದಲ್ಲಿ ಅವನನ್ನು ತಡೆದು ನಿಲ್ಲಿಸಲಾಯಿತು. ಅವನ ಉಡುಪು ಮಾಸಿತ್ತು ಎಂಬುದೇ ಕಾರಣವೆಂದು ಅಲ್ಲಿದ್ದವರು ಆಕ್ಷೇಪಿಸಿದರು. ಹಿಂದಿನಿಂದ ಬಂದ ಸಹಪ್ರಯಾಣಿಕರು, “ಇವರ ಮೂಟೆಯಲ್ಲಿ ಬಟ್ಟೆಯಲ್ಲದೆ ಬೇರೇನಿದೆ? ಯಾವ ನಿಯಮದ ಮೇರೆಗೆ ತಡೆಯುತ್ತೀರಿ?” ಎಂಬ ಅರ್ಥದಲ್ಲಿ ವಾದಿಸಿ, ಕೊನೆಗೆ ಅವನನ್ನು ತಾವೇ ಒಳಗೆ ಕರೆದೊಯ್ದರು. ಈ ದೃಶ್ಯದ ಚಿತ್ರೀಕರಣವು ನಾಡಿನಾದ್ಯಂತ ಹರಡಿತು. ಫೆಬ್ರವರಿ 26ರಂದು ಮೆಟ್ರೋ ನಿಗಮವು ಭದ್ರತಾ ಮೇಲ್ವಿಚಾರಕನನ್ನು ಕೆಲಸದಿಂದ ತೆಗೆದುಹಾಕಿ ವಿಷಾದವನ್ನು ವ್ಯಕ್ತಪಡಿಸಿತು.

ಹೊಸಪೇಟೆ, ಸಂಡೂರು, ಕಂಪ್ಲಿಗಳ ಕಡೆಯವರಿಗೆ ಈ ಸುದ್ದಿಯು ದೂರದ ರಾಜಧಾನಿಯ ಸುದ್ದಿಯಾಗಿ ತೋರಲಾರದು. ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಏರಿ ಬೆಳಗಿನ ಜಾವ ಬೆಂಗಳೂರಿನಲ್ಲಿ ಇಳಿಯುವವರಲ್ಲಿ ಆಸ್ಪತ್ರೆಗೆ ಹೋಗುವವರು, ಮಗನ ಮನೆಗೆ ಅಕ್ಕಿ-ಬೆಲ್ಲ ಹೊತ್ತವರು, ಕಟ್ಟಡದ ಕೆಲಸ ಹುಡುಕಿ ಹೊರಟವರು ಎಲ್ಲರೂ ಇದ್ದಾರೆ. ರೈಲಿನಿಂದ ಇಳಿದು ಹತ್ತು ಹೆಜ್ಜೆ ನಡೆದರೆ ಮೆಟ್ರೋ ನಿಲ್ದಾಣ. ಅಲ್ಲಿ ನೆಲದೊಳಕ್ಕೆ ಇಳಿಯುವ ಮೆಟ್ಟಿಲು. ಅದನ್ನು ಇಳಿದೊಡನೆ ತಪಾಸಣೆಯ ಕಟ್ಟೆ. ಇಡೀ ರಾತ್ರಿ ಸಾಮಾನ್ಯ ಡಬ್ಬಿಯಲ್ಲಿ ಮುದುಡಿ ಕುಳಿತು ಬಂದವನ ಅಂಗಿಯು ಇಸ್ತ್ರಿ ಮಾಡಿದಂತಿರುವುದು ಹೇಗೆ ಸಾಧ್ಯ?

ಊರಿನ ಬಾಗಿಲಲ್ಲಿ ಜನರನ್ನು ತಡೆದು ನೋಡುವ ಪದ್ಧತಿಯು ನಮ್ಮ ಪ್ರಾಂತಕ್ಕೆ ಹೊಸತೇನೂ ಅಲ್ಲ. ಕಮಲಾಪುರದಿಂದ ವಿಠ್ಠಲ ದೇವಾಲಯದ ಕಡೆಗೆ ಹೋಗುವ ಹಾದಿಯಲ್ಲಿ ತಳಾರಿಘಟ್ಟದ ಹೆಬ್ಬಾಗಿಲು ಇಂದಿಗೂ ನಿಂತಿದೆ. ತಳಾರಿ ಎಂದರೆ ಕಾವಲುಗಾರನಲ್ಲವೆ? ಭೀಮನ ಹೆಬ್ಬಾಗಿಲಿನ ರಚನೆಯನ್ನು ಕಂಡವರಿಗೆ ಅದರ ಜಾಣ್ಮೆಯು ತಿಳಿದೀತು. ಅಲ್ಲಿ ಒಳಗೆ ಹೋಗುವ ದಾರಿಯು ನೇರವಾಗಿಲ್ಲ; ಬಂದವನು ಗೋಡೆಯ ಮಗ್ಗುಲಿಗೆ ತಿರುಗಿ ತಿರುಗಿ ನಡೆಯಬೇಕು. ಓಡಿ ಬರುವವನ ಓಟವು ಅಲ್ಲಿಯೇ ಮುಗಿಯುತ್ತದೆ, ಮೇಲೆ ನಿಂತ ಕಾವಲಿನವನಿಗೆ ಅವನನ್ನು ನೋಡಲು ಸಮಯವೂ ಸಿಗುತ್ತದೆ. ಇಂದಿನ ಮೆಟ್ರೋ ನಿಲ್ದಾಣದಲ್ಲಿ ಉಕ್ಕಿನ ಕಂಬಿಗಳ ನಡುವೆ ಸಾಲನ್ನು ಹಾವಿನಂತೆ ಬಳಸಿ ಒಯ್ಯುವ ಉಪಾಯವೂ ಇದೇ.

1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸನು ಅರಮನೆಯನ್ನು ನೋಡಲು ಹೋದಾಗ, ಬಾಗಿಲಲ್ಲಿ ಅವರನ್ನು ನಿಲ್ಲಿಸಿ ಎಷ್ಟು ಮಂದಿ ಎಂದು ಎಣಿಸಿ, ಎಣಿಸುತ್ತ ಎಣಿಸುತ್ತ ಒಬ್ಬೊಬ್ಬರನ್ನಾಗಿ ಒಳಗೆ ಬಿಟ್ಟರಂತೆ. ಮಹಾನವಮಿಯ ಕಾಲದಲ್ಲಿ ದ್ವಾರಪಾಲಕರು ತೊಗಲಿನ ಚಾವಟಿಗಳನ್ನೂ ಕೋಲುಗಳನ್ನೂ ಹಿಡಿದು ನಿಂತಿದ್ದು, ನಾಯಕರು ಮತ್ತು ಗಣ್ಯರ ಹೊರತು ಅಪ್ಪಣೆಯಿಲ್ಲದೆ ಯಾರನ್ನೂ ಬಿಡುತ್ತಿರಲಿಲ್ಲವೆಂದು ಅವನೇ ಬರೆದಿದ್ದಾನೆ. ಅವನ ತರುವಾಯ ಬಂದ ನೂನಿಜನದು ವ್ಯಾಪಾರಿಯ ಕಣ್ಣು. ನಗರದ ಒಂದು ಹೆಬ್ಬಾಗಿಲನ್ನು ವರ್ಷಕ್ಕೆ 12,000 ಪರ್ದಾವುಗಳಿಗೆ ಗುತ್ತಿಗೆ ಕೊಡುತ್ತಿದ್ದರೆಂದೂ, ಗುತ್ತಿಗೆದಾರರು ಕೇಳಿದಷ್ಟು ತೆರದೆ ಸ್ವದೇಶಿಯಾಗಲಿ ವಿದೇಶಿಯಾಗಲಿ ಒಳಗೆ ಹೋಗುವಂತಿರಲಿಲ್ಲವೆಂದೂ ಅವನು ಹೇಳುತ್ತಾನೆ. ದಿನಕ್ಕೆ 2,000 ಹೇರೆತ್ತುಗಳು ಬರುತ್ತಿದ್ದವು, ಪ್ರತಿಯೊಂದಕ್ಕೂ ಸುಂಕ. ಆದರೆ ಕೋಡಿಲ್ಲದ ಎತ್ತುಗಳಿಗೆ ಮಾತ್ರ ರಾಜ್ಯದಲ್ಲೆಲ್ಲಿಯೂ ಸುಂಕವಿರಲಿಲ್ಲ! ಎತ್ತಿನ ತಲೆಯನ್ನು ನೋಡಿ ವಿನಾಯಿತಿ ಕೊಡುವುದು ಎಷ್ಟು ನ್ಯಾಯವೋ ನಾನರಿಯೆ. ಮನುಷ್ಯನ ಅಂಗಿಯನ್ನು ನೋಡಿ ನಿರ್ಣಯಿಸುವುದಕ್ಕಿಂತ ಅದು ವಾಸಿ. ಕೋಡು ಇದೆಯೋ ಇಲ್ಲವೋ ಎಂಬುದರಲ್ಲಿ ಸಂಶಯಕ್ಕೆ ಎಡೆಯಿರಲಿಲ್ಲ.

ಇನ್ನು ಈ ಕಾಲದ ಯಂತ್ರಗಳ ವಿಷಯ. ಬಾಗಿಲಿನಂತೆ ನಿಂತಿರುವ ಚೌಕಟ್ಟಿನ ಎರಡು ಪಕ್ಕಗಳಲ್ಲಿ ತಂತಿಯ ಸುರುಳಿಗಳಿವೆ. ಅವು ಕಾಂತಕ್ಷೇತ್ರವನ್ನು ಉಂಟುಮಾಡುತ್ತವೆ. ಅದರ ನಡುವೆ ಲೋಹವು ಹಾಯ್ದರೆ ಲೋಹದಲ್ಲಿ ಸಣ್ಣ ವಿದ್ಯುತ್ ಪ್ರವಾಹವೇಳುತ್ತದೆ; ಯಂತ್ರವು ಅದನ್ನು ಗುರುತಿಸಿ ಕೂಗುತ್ತದೆ. ಅದಕ್ಕೆ ಚೂರಿಯೂ ಒಂದೇ, ಬೀಗದ ಕೈಯೂ ಒಂದೇ. ಸಂಡೂರಿನ ಲಂಬಾಣಿ ಹೆಂಗಸೊಬ್ಬಳು ತನ್ನ ಕಸೂತಿಯನ್ನು ಮಾರಲು ಬೆಂಗಳೂರಿಗೆ ಬಂದಳೆನ್ನಿ. ರವಿಕೆಯ ಕನ್ನಡಿಗಳು ಸುಮ್ಮನಿದ್ದರೂ ನಾಣ್ಯದ ಸರ, ಗೆಜ್ಜೆ, ಕಡಗಗಳು ಸುಮ್ಮನಿರವು. ಸಂಡೂರಿನ ಲಂಬಾಣಿ ಕಸೂತಿಗೆ ಭೌಗೋಳಿಕ ಗುರುತಿನ ಮನ್ನಣೆಯಿದೆ. 2023ರ ಜುಲೈಯಲ್ಲಿ ಹಂಪಿಯಲ್ಲಿ ಜಿ-20 ರಾಷ್ಟ್ರಗಳ ಪ್ರತಿನಿಧಿಗಳು ಸೇರಿದಾಗ ಅದನ್ನು ಹರಡಿ ಹೆಮ್ಮೆಯಿಂದ ತೋರಿಸಲಾಯಿತು. ಹಿಂದೆ ಹೇರೆತ್ತುಗಳ ಮೇಲೆ ನಾಡಿಗೆಲ್ಲ ದವಸವನ್ನು ಸಾಗಿಸುತ್ತಿದ್ದ ಜನರಿವರು. ಸುಂಕದ ಕಟ್ಟೆಗಳ ಪರಿಚಯ ಇವರಿಗೆ ತಲೆಮಾರುಗಳಷ್ಟು ಹಳೆಯದು.

ಚೀಲಗಳನ್ನು ನುಂಗಿ ಉಗುಳುವ ಎರಡನೆಯ ಯಂತ್ರವು ಕ್ಷಕಿರಣದ್ದು. ಅದು ವಸ್ತುಗಳನ್ನು ಬಣ್ಣಗಳಲ್ಲಿ ತೋರಿಸುತ್ತದೆ. ಲೋಹವು ನೀಲಿ, ಬಟ್ಟೆ, ಅನ್ನ, ಕಾಗದಗಳಂಥ ಹಗುರ ಪದಾರ್ಥಗಳು ಕಿತ್ತಳೆ, ನಡುವಣವು ಹಸಿರು. ಕಂಪ್ಲಿಯ ಕಡೆಯ ಬೆಲ್ಲದ ಅಚ್ಚು, ಜೋಳದ ರೊಟ್ಟಿಯ ಗಂಟು, ಮಡಿಸಿದ ಸೀರೆ ಎಲ್ಲವೂ ಪರದೆಯ ಮೇಲೆ ಕಿತ್ತಳೆಯೇ. ಸ್ಫೋಟಕಗಳಲ್ಲಿ ಬಹುಪಾಲು ಕೂಡ ಅದೇ ಬಣ್ಣದಲ್ಲಿ ಕಾಣುತ್ತವೆಂಬುದು ತೊಡಕಿನ ಮಾತು. ಆದುದರಿಂದ ಪರದೆಯ ಮುಂದೆ ಕುಳಿತವನು ಆಕಾರ, ದಟ್ಟಣೆ, ತಂತಿ ಇವುಗಳನ್ನು ಕ್ಷಣಾರ್ಧದಲ್ಲಿ ಓದಬೇಕು. 2025ರ ಆಗಸ್ಟ್ 11ರಂದು ಬೆಂಗಳೂರು ಮೆಟ್ರೋದಲ್ಲಿ ಒಂದೇ ದಿನ 10 ಲಕ್ಷಕ್ಕೂ ಹೆಚ್ಚಿನ ಪ್ರಯಾಣಗಳಾದವು. ತಲೆಗೆ ಐದು ಸೆಕೆಂಡು ಎಂದು ಹಿಡಿದರೂ ಅಂದಿನ ತಪಾಸಣೆಗೆ ಒಟ್ಟು 1,390 ಗಂಟೆಗಳು, ಎಂದರೆ ಸುಮಾರು 58 ದಿನಗಳು ಬೇಕು! ಹತ್ತಾರು ನಿಲ್ದಾಣಗಳಲ್ಲಿ ಆ ಹೊರೆಯನ್ನು ಹಂಚಿಕೊಂಡು ನಿಂತ ಕಾವಲಿನವರಲ್ಲಿ ಅನೇಕರು ಗುತ್ತಿಗೆಯ ನೌಕರರು. ಅವರ ಆಯಾಸವನ್ನು ನೆನೆಯದೆ ಬೈಯುವುದು ಸುಲಭ.

ಹಾಗಾದರೆ ಈ ತಪಾಸಣೆಯೇ ಬೇಡವೆನ್ನಬಹುದೆ? ಹಾಗೆನ್ನುವ ಧೈರ್ಯ ನನಗಿಲ್ಲ. 1995ರ ಮಾರ್ಚ್ 20ರಂದು ಟೋಕಿಯೋ ನಗರದ ಸುರಂಗ ರೈಲಿನಲ್ಲಿ ಸಾರಿನ್ ಎಂಬ ವಿಷಾನಿಲವನ್ನು ಬಿಟ್ಟರು. 2005ರ ಜುಲೈ 7ರಂದು ಲಂಡನ್ನಿನ ಬಾಂಬುಗಳು 52 ಜನರನ್ನು ಬಲಿ ತೆಗೆದುಕೊಂಡವು. ಮರುವರ್ಷ ಜುಲೈ 11ರಂದು ಮುಂಬಯಿಯ ಲೋಕಲ್ ರೈಲುಗಳಲ್ಲಿ 180ಕ್ಕೂ ಹೆಚ್ಚು ಜನ ಸತ್ತರು. ಈ ಪೆಟ್ಟುಗಳಿಗೆ ಒಂದೊಂದು ಊರು ಒಂದೊಂದು ಬಗೆಯಲ್ಲಿ ಉತ್ತರ ಕೊಟ್ಟಿತು. ಲಂಡನ್ನಿನಲ್ಲಿ ಪ್ರಯಾಣಿಕರೆಲ್ಲರ ಚೀಲಗಳನ್ನು ನೋಡುವ ಪದ್ಧತಿ ಬರಲಿಲ್ಲ. ನ್ಯೂಯಾರ್ಕಿನಲ್ಲಿ ಅಲ್ಲೊಬ್ಬ ಇಲ್ಲೊಬ್ಬನನ್ನು ಆರಿಸಿ ನೋಡತೊಡಗಿದರು. ಬೀಜಿಂಗಿನಲ್ಲಿ 2008ರ ಒಲಿಂಪಿಕ್ ಕ್ರೀಡೆಗಳ ಕಾಲದಲ್ಲಿ ಬಂದ ಯಂತ್ರಗಳು ಹಾಗೆಯೇ ಉಳಿದವು. ದೆಹಲಿಯ ಮೆಟ್ರೋ 2007ರಲ್ಲಿ ಕೇಂದ್ರ ಕೈಗಾರಿಕಾ ಭದ್ರತಾ ಪಡೆಯ ವಶಕ್ಕೆ ಬಂದಿತು. 2011ರ ಅಕ್ಟೋಬರ್ 20ರಂದು ಬೆಂಗಳೂರಿನ ಮೊದಲ ಮೆಟ್ರೋ ಓಡಿದಾಗ ನಾವು ಅದೇ ಮಾದರಿಯನ್ನು ಅನುಸರಿಸಿದೆವು.

ರಾಜಾಜಿನಗರದ ಮೇಲ್ವಿಚಾರಕನನ್ನು ತೆಗೆದುಹಾಕಿದ ನಾಲ್ಕೇ ದಿನಗಳಿಗೆ, 2024ರ ಮಾರ್ಚ್ 1ರಂದು, ಅದೇ ಬೆಂಗಳೂರಿನ ರಾಮೇಶ್ವರಂ ಕೆಫೆಯಲ್ಲಿ ಬಾಂಬು ಸಿಡಿದು ಹಲವರು ಗಾಯಗೊಂಡರು. ಚೀಲವನ್ನಿಟ್ಟು ಹೋದವನು ಟೋಪಿ, ಮುಖಗವಸು ತೊಟ್ಟು, ಎಲ್ಲ ಗಿರಾಕಿಗಳಂತೆಯೇ ಬಂದು, ಇಡ್ಲಿ ಕೊಂಡಿದ್ದನು. ಅವನ ಜಾಡನ್ನು ಹಿಡಿದು ತನಿಖೆಯವರು ನಮ್ಮ ಬಳ್ಳಾರಿಯ ಬಸ್ ನಿಲ್ದಾಣದವರೆಗೂ ಬಂದರು. ಏಪ್ರಿಲಿನಲ್ಲಿ ಬಂಗಾಳದಲ್ಲಿ ಬಂಧನಗಳಾದವು. ಈ ಎರಡು ಘಟನೆಗಳನ್ನು ಒಟ್ಟಿಗಿಟ್ಟು ನೋಡಿದರೆ ಬಡವನ ಅಂಗಿಯನ್ನು ದಿಟ್ಟಿಸಿದ ಕಣ್ಣು ನೋಡಬೇಕಾದ ಕಡೆಗೆ ನೋಡುತ್ತಿರಲಿಲ್ಲವೆನ್ನಬೇಕಾಗುತ್ತದೆ. ಆದರೂ ಅದೇ ಏಪ್ರಿಲಿನಲ್ಲಿ ದೊಡ್ಡಕಲ್ಲಸಂದ್ರದ ನಿಲ್ದಾಣದಲ್ಲಿ ಅಂಗಿಯ ಗುಂಡಿ ಹಾಕಿರದ ಕೂಲಿಯವನೊಬ್ಬನನ್ನು ತಡೆದರೆಂದು ಮತ್ತೊಮ್ಮೆ ಗದ್ದಲವೆದ್ದಿತು.

1443ರಲ್ಲಿ ವಿಜಯನಗರಕ್ಕೆ ಬಂದ ಪಾರಸಿಕ ರಾಯಭಾರಿ ಅಬ್ದುರ್ ರಜಾಕನು ಇಲ್ಲಿನ ನಗರರಕ್ಷಕರ ಸಂಖ್ಯೆಯನ್ನು 12,000 ಎಂದು ಬರೆದಿದ್ದಾನೆ. ಏಳು ಕೋಟೆಗಳೊಳಗೆ ಏನು ಕಳುವಾದರೂ ಅವರು ಹುಡುಕಿಕೊಡಬೇಕು. ಇಲ್ಲವಾದರೆ ದಂಡ ತೆರಬೇಕು. ರಜಾಕನ ಜೊತೆಗಾರನೊಬ್ಬನ ಗುಲಾಮರು ತಪ್ಪಿಸಿಕೊಂಡಾಗ ಅಧಿಕಾರಿಯು ಯಾರನ್ನು ಹಿಡಿದನೆಂದು ಬಲ್ಲಿರಾ? ಬಡವರು ವಾಸಿಸುವ ಕೇರಿಯ ಕಾವಲುಗಾರರನ್ನು! ಅವರು ತೆಪ್ಪಗೆ ಹಣವನ್ನು ತೆತ್ತರು. ಕಾವಲಿನವನ ತಪ್ಪಿಗೆ ಕಾವಲಿನವನೇ ಹೊಣೆಯೆಂಬ ಕಟ್ಟಳೆಯು ಮೆಚ್ಚತಕ್ಕದ್ದೇ. ಆದರೆ ಸಂಶಯವು ಮೊದಲು ಬಡವರ ಕೇರಿಯ ಕಡೆಗೇ ಏಕೆ ಹರಿಯಿತೆಂದು ಆ ರಾಯಭಾರಿಯು ಕೇಳಲಿಲ್ಲ.

ಈ ಕಡೆಯಿಂದ ಹೊರಡುವವರಿಗೆ ಉಪಯೋಗಕ್ಕೆ ಬರುವ ನಾಲ್ಕು ಮಾತುಗಳನ್ನಾದರೂ ಹೇಳಬೇಕು. ಕುಡುಗೋಲು, ಈಳಿಗೆಮಣೆ, ಸೀಮೆಎಣ್ಣೆ, ಪಟಾಕಿಗಳನ್ನು ಮೆಟ್ರೋದೊಳಗೆ ಬಿಡುವುದಿಲ್ಲ. 2002ರ ಮೆಟ್ರೋ ರೈಲ್ವೆ ಕಾಯಿದೆಯು ಅಪಾಯಕರ ವಸ್ತುಗಳನ್ನು ಒಯ್ಯುವುದನ್ನು ನಿಷೇಧಿಸಿದೆ. ಅಕ್ಕಿ, ಬೆಲ್ಲ, ರೊಟ್ಟಿಗಳಿಗೆ ಅಂಥ ಅಡ್ಡಿಯಿಲ್ಲ, ಆದರೆ ಮೂಟೆಯು ಯಂತ್ರದ ಬಾಯಿಯಲ್ಲಿ ಹಿಡಿಸುವಷ್ಟಿರಬೇಕು. ಗಾತ್ರ ಮೀರಿದ ಪೆಟ್ಟಿಗೆಗೆ 30 ರೂಪಾಯಿ ಕೇಳಿದ್ದೂ ಉಂಟು. ನಾಣ್ಯ, ಬೀಗದ ಕೈ, ಸುಣ್ಣದ ಡಬ್ಬಿಗಳನ್ನು ಮೊದಲೇ ಚೀಲದೊಳಗೆ ಹಾಕಿಬಿಟ್ಟರೆ ಚೌಕಟ್ಟು ಕೂಗುವುದು ಕಡಿಮೆ. ಹೆಂಗಸರ ತಪಾಸಣೆಗೆ ಹೆಂಗಸರೇ ಇರುವ ಪರದೆಯ ಮರೆಯುಂಟು. ಗೊತ್ತಿಲ್ಲದೆ ಗಂಡಸರ ಸಾಲಿನಲ್ಲಿ ನಿಂತು ಸಂಕೋಚಪಡಬೇಕಾಗಿಲ್ಲ. ಉಡುಪಿನ ಮಾತೆತ್ತಿ ತಡೆದರೆ ಜಗಳಕ್ಕೆ ನಿಲ್ಲದೆ ನಿಲ್ದಾಣದ ನಿಯಂತ್ರಕರು ಎಲ್ಲಿದ್ದಾರೆಂದು ಕೇಳಿರಿ, ಟಿಕೆಟ್ಟನ್ನು ಕೈಯಲ್ಲಿ ಹಿಡಿದೇ ಕೇಳಿರಿ. ನಿಯಂತ್ರಕರ ಕೋಣೆಯು ಸಾಮಾನ್ಯವಾಗಿ ಟಿಕೆಟ್ಟಿನ ಕಿಟಕಿಯ ಸಮೀಪದಲ್ಲಿಯೇ ಇರುತ್ತದೆ.